ಲೈಸೆನ್ಸಿಗೆ ಈಜು ಬರುವುದಿಲ್ಲ

ಮಲಪ್ರಭೆಯಲ್ಲಿ ಮೋಜಿಗಾಗಿ ದೋಣಿ ಬಿಡುವವರಿಗೆಲ್ಲ ಲೈಸೆನ್ಸ್ ಕಡ್ಡಾಯವಾಗಬೇಕು ಎಂದು ಯಾರಾದರೂ ಠರಾವು ತಂದರೆ ಮೊದಲು ಕೈ ಎತ್ತುವವನು ನಾನು. ನನ್ನ ನಂತರ ಕೈ ಎತ್ತುವವರು, ಈ ನಾಡಿನ ಆರ್‌ಟಿಒ ಕಚೇರಿಗಳ ಎದುರು ಛತ್ರಿ ನೆಟ್ಟು ಕೂತಿರುವ ಏಜೆಂಟರು. ಅವರು ಎರಡೂ ಕೈ ಎತ್ತುತ್ತಾರೆ.

ಹೊರದೇಶದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಕೆನಡಾದಲ್ಲಿ 2009ರ ಸೆಪ್ಟೆಂಬರ್ 15ರಿಂದ ಮೋಟಾರಿರುವ ಮೋಜಿನ ದೋಣಿಯನ್ನು ಕಾರ್ಡಿಲ್ಲದೆ ಯಾರೂ ನಡೆಸುವಂತಿಲ್ಲ. ಕ್ಯಾಲಿಫೋರ್ನಿಯಾದವರು 2018ರಲ್ಲಿ ಹುಡುಗರಿಂದ ಶುರುಮಾಡಿ, ವರ್ಷಕ್ಕೊಂದಿಷ್ಟು ವಯಸ್ಸಿನವರನ್ನು ಕಾನೂನಿನೊಳಗೆ ಎಳೆದುಕೊಳ್ಳುತ್ತ, 2025ರ ಜನವರಿ 1ಕ್ಕೆ ಅಜ್ಜಂದಿರನ್ನೂ ಬಿಡಲಿಲ್ಲ. ನ್ಯೂಯಾರ್ಕಿನದೂ ಅದೇ ತಾರೀಖು. ಅಲ್ಲಿಯ ಕಾನೂನಿಗೆ ದೋಣಿ ಅಪಘಾತದಲ್ಲಿ ತೀರಿಕೊಂಡ ಪುಟ್ಟ ಹುಡುಗಿಯೊಬ್ಬಳ ಹೆಸರನ್ನೇ ಇಟ್ಟಿದ್ದಾರೆ. ಅವರದು ಪಾಠ ಮೊದಲು, ಪರೀಕ್ಷೆ ಆಮೇಲೆ, ಕಾರ್ಡು ಕೊನೆಗೆ. ನಾವು ಕಾರ್ಡಿನಿಂದ ಶುರುಮಾಡುತ್ತೇವೆ. ಪಾಠವನ್ನು ದಿನಪತ್ರಿಕೆಯ ಮೊದಲ ಪುಟ ಕಲಿಸುತ್ತದೆ, ಎರಡು ದಿನ ಮಾತ್ರ.

ಕೆಎ-24 ಎಂದು ಬರೆಸಿಕೊಂಡ ಬೈಕುಗಳು ಬೈಲಹೊಂಗಲ ಸೀಮೆಯಲ್ಲಿ ಹೇಗೆ ಓಡುತ್ತವೆಂದು ಕಂಡವರಿಗೆ, ಅದೇ ನಂಬರಿನ ದೋಣಿಗಳು ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿ ಹೇಗೆ ಓಡಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಇಬ್ಬರ ಜಾಗದಲ್ಲಿ ಐವರು, ನಡೆಸುವವನ ಕಿವಿಗೂ ಹೆಗಲಿಗೂ ನಡುವೆ ಫೋನು, ಹಿಂಬದಿಗೆ 'ಎಲ್ಲಮ್ಮ ತಾಯಿ ಕೃಪೆ'. ಕೃಪೆಯ ಮೇಲೆ ಇಷ್ಟು ಭಾರ ಹೇರುವ ಜನ ಬೇರೆ ಎಲ್ಲೂ ಇರಲಿಕ್ಕಿಲ್ಲ.

ಪರೀಕ್ಷೆ ಹೇಗಿರುತ್ತದೆ? ನೆಲದ ಮೇಲೆ ಎಂಟು ಬರೆಸುವ ನಾವು ನೀರಿನ ಮೇಲೂ ಎಂಟೇ ಬರೆಸುತ್ತೇವೆ. ಸಾಹೇಬರು ದಂಡೆಯ ಮೇಲೆ ಜಾಲಿಗಿಡದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾರೆ. ನೀರೆಂದರೆ ಅವರಿಗೆ ಆಗಿಬರುವುದಿಲ್ಲ. "ಎಂಟು ಬರದಾನೇನು?" ಎಂದು ಕೇಳುತ್ತಾರೆ. "ಬರದಾನ್ರೀ, ಅಲೆ ಬಂದು ಒರಸಿಬಿಡ್ತು" ಎನ್ನುತ್ತಾನೆ ಏಜೆಂಟ. ಪಾಸು. ವೈದ್ಯಕೀಯ ಸರ್ಟಿಫಿಕೇಟಿನಲ್ಲಿ ಕಣ್ಣು, ಕಿವಿ, ರಕ್ತದ ಗುಂಪು ಎಲ್ಲಕ್ಕೂ ಕಾಲಂ ಇರುತ್ತದೆ, 'ಈಜು ಬರುತ್ತದೆಯೇ' ಎಂಬುದಕ್ಕೆ ಮಾತ್ರ ಇರುವುದಿಲ್ಲ, ಏಕೆಂದರೆ ನಮೂನೆ ಲಾರಿಯವರದು. ಅವಸರದವರಿಗೆ ಬೇರೆ ದಾರಿಯೂ ಉಂಟು. "ನೀವು ಬರೂದು ಬ್ಯಾಡ್ರಿ ಅಣ್ಣಾರ. ಎರಡು ಫೋಟೋ, ಆಧಾರ ಝೆರಾಕ್ಸ್ ಕೊಟ್ಟಬಿಡ್ರಿ. ಹೊಳೀಗೆ ನಮ್ಮ ಹುಡುಗ ಇಳೀತಾನ." ಹೀಗೆ ಮೈ ತೋಯದ ಒಂದು ತಲೆಮಾರೇ ಲೈಸೆನ್ಸ್ ಪಡೆದು ಜಲಮಾರ್ಗಕ್ಕೆ ಸಿದ್ಧವಾಗುತ್ತದೆ.

ನಗೆಯನ್ನು ಬದಿಗಿಟ್ಟು ನೋಡಿದರೆ ಕಾನೂನೇ ಇಲ್ಲವೆನ್ನುವ ಹಾಗಿಲ್ಲ. ಬ್ರಿಟಿಷರು 1917ರಲ್ಲಿ ಒಳನಾಡು ಹಡಗುಗಳಿಗಾಗಿ ಒಂದು ಕಾಯ್ದೆ ಮಾಡಿದ್ದರು. ನೂರು ವರ್ಷ ದಾಟಿ ನಾಲ್ಕಾದ ಮೇಲೆ, 2021ರಲ್ಲಿ, ಸಂಸತ್ತು ಅದನ್ನು ತೆಗೆದು ಹೊಸದನ್ನು ತಂದಿತು. ಯಂತ್ರದಿಂದ ಓಡುವ ದೋಣಿಗೆ ನೋಂದಣಿ ಬೇಕು, ತಪಾಸಣೆ ಬೇಕು, ವಿಮೆ ಬೇಕು, ಜೀವ ಉಳಿಸುವ ಸಾಮಾನು ಬೇಕು, ನಡೆಸುವವನ ಬಳಿ ಅರ್ಹತಾ ಪತ್ರ ಬೇಕು. ಓದಿದರೆ ಮನಸ್ಸು ತುಂಬಿ ಬರುತ್ತದೆ. ಆದರೆ ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆಯ ಇಲಾಖೆ ಬೇರು ಬಿಟ್ಟಿರುವುದು ಕಾರವಾರದ ಬೈತಖೋಲದಲ್ಲಿ, ಸಮುದ್ರದ ದಂಡೆಗೆ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಬೆನ್ನು ತಿರುಗಿಸಿ, ಪೂರ್ವಕ್ಕೆ ನಡೆದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುವ ಹೊಳೆ. ಪಶ್ಚಿಮಕ್ಕೆ ಹೋಗುವ ಮಹದಾಯಿ ನೀರನ್ನು ಪೂರ್ವಕ್ಕೆ ತಿರುಗಿಸಿ ಎಂದು ದಶಕಗಳ ಕಾಲ ಬೀದಿಗಿಳಿದ ಸೀಮೆಯಿದು. ಅಂಥ ಸೀಮೆಯ ದೋಣಿಯ ಕಡತ ಮಾತ್ರ ಘಟ್ಟ ಇಳಿದು ಪಶ್ಚಿಮದ ದಾರಿ ಹಿಡಿಯಬೇಕು. ಅದಕ್ಕೆ ಯಾವ ರಾಜ್ಯದ ತಕರಾರೂ ಇಲ್ಲ.

ಹೊಸ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಯಂತ್ರವಿಲ್ಲದ ದೋಣಿಗಳದು. ಅವುಗಳ ಪಟ್ಟಿ ಮಾಡುವ ಕೆಲಸ ಸ್ಥಳೀಯ ಸಂಸ್ಥೆಗಳಿಗೆ, ಅಂದರೆ ನಮ್ಮ ಗ್ರಾಮ ಪಂಚಾಯಿತಿಯವರೆಗೂ ಬರಬಹುದು. ಪಿಡಿಒ ಸಾಹೇಬರು ಉದ್ಯೋಗ ಖಾತ್ರಿಯ ಹಾಜರಿಪಟ್ಟಿ ಬದಿಗಿಟ್ಟು ಟೇಪು ಹಿಡಿದು ಹೊಳೆಗೆ ಬರುವ ದಿನವನ್ನು ನೆನೆಯಿರಿ. ಎದುರಿಗೆ ಬಿದಿರು ಹೆಣೆದು, ತಾಡಪತ್ರಿ ಸುತ್ತಿ, ಡಾಂಬರು ಬಳಿದ ಹರಗೋಲು. ಉದ್ದ ಎಷ್ಟು, ಅಗಲ ಎಷ್ಟು? ಎರಡೂ ಒಂದೇ, ಅದು ದುಂಡಗಿದೆ. ಮುಂಭಾಗದ ನಂಬರ್ ಪ್ಲೇಟ್ ಎಲ್ಲಿ ಹೊಡೆಯುವುದು? ಹರಗೋಲಿಗೆ ಮುಂಭಾಗ ಎಂಬುದಿಲ್ಲ. ಹುಟ್ಟು ಎಲ್ಲಿ ಬೀಳುತ್ತದೋ ಅದೇ ಮುಂದು. ಈ ಕುರಿತು ಮಾರ್ಗದರ್ಶನ ಕೋರಿ ತಾಲ್ಲೂಕು ಪಂಚಾಯಿತಿಗೆ ಪತ್ರ ಹೋಗುತ್ತದೆ, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ಮತ್ತೆ ಬೈತಖೋಲಕ್ಕೆ. ಉತ್ತರ ಬರುವ ಹೊತ್ತಿಗೆ ಹರಗೋಲಿನ ತಳ ಕೊಳೆತಿರುತ್ತದೆ.

ಇನ್ನು, ದೋಣಿಗೆ ಲೈಸೆನ್ಸ್ ಕೇಳುವ ಮೊದಲು ನೀರಿಗೆ ಲೈಸೆನ್ಸ್ ಆಗಿದೆಯೇ ಎಂದೂ ನೋಡಬೇಕಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9. 2020ರ ಫೆಬ್ರುವರಿಯಲ್ಲಿ ಗೆಜೆಟ್ಟೂ ಆಯಿತು. ಊರೂರಲ್ಲಿ ಪಟಾಕಿ ಹೊಡೆದೆವು, ಸಕ್ಕರೆ ಹಂಚಿದೆವು. ಕಾಗದ ಬಂತು, ನೀರು ಮಾತ್ರ ಇನ್ನೂ ಬರಬೇಕು. ಲೈಸೆನ್ಸ್ ಕೈಗೆ ಬಂದು ವಾಹನ ಬಾರದ ಸುಖವನ್ನು ನಮ್ಮ ಹೊಳೆಯೇ ಅನುಭವಿಸುತ್ತಿದೆ. ಇದರ ಉಲ್ಟಾ ಅನುಭವವೂ ನಮಗಿದೆ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಮನೆಗೆ ಮುಟ್ಟಿತ್ತು. ಅದರ ಸಿಟ್ಟೇ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಹೊತ್ತಿಕೊಂಡದ್ದು. ಆ ಚಳವಳಿ ಕಂಡ ಹಿರಿಯರಿಗೆ 'ಜಲವಿಹಾರ ಪರವಾನಗಿ ಶುಲ್ಕ' ಎಂದರೆ ಕಿವಿ ನೆಟ್ಟಗಾಗುತ್ತದೆ. ಕಿತ್ತೂರಿನವರಿಗಂತೂ ಶುಲ್ಕವೆಂಬುದು ಕಪ್ಪವೆಂದೇ ಕೇಳಿಸಬಹುದು. ಕಿತ್ತೂರಿನ ಮೇಲೆ ಏರಿಬಂದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಗತಿ ಏನಾಯಿತೆಂದು ನೆನೆಯಲು ಅಲ್ಲಿ ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ಉತ್ಸವವೇ ನಡೆಯುತ್ತದೆ.

ನವಿಲುತೀರ್ಥದ ಜಲಾಶಯವಾದ ರೇಣುಕಾ ಸಾಗರದಲ್ಲಿ ತುಂಬಿದರೆ 37.73 ಟಿಎಂಸಿ ನೀರು ನಿಲ್ಲುತ್ತದೆ. 'ತುಂಬಿದರೆ' ಎಂಬಲ್ಲಿಯೇ ನಮ್ಮ ಮೂರು ತಲೆಮಾರು ಕಳೆಯಿತು. ಬರಗಾಲದ ವರ್ಷಗಳಲ್ಲಿ ಹಿನ್ನೀರಿನ ಕೆಸರಲ್ಲಿ ಕಡಲೆ ಬಿತ್ತುತ್ತಾರೆ, ಆಗ ಅಲ್ಲಿ ನಡೆಸಲು ಬೇಕಾದದ್ದು ಟ್ರ್ಯಾಕ್ಟರಿನ ಲೈಸೆನ್ಸ್. ಆಮೇಲೆ 2019ರ ಆಗಸ್ಟ್‌ನಂಥ ಒಂದು ತಿಂಗಳು ಬರುತ್ತದೆ. ನವಿಲುತೀರ್ಥದ ಬಾಗಿಲು ತೆರೆದದ್ದೇ ತಡ, ಮುನವಳ್ಳಿಯಲ್ಲಿ ಹೊಳೆ ಮನೆ ಹೊಕ್ಕಿತು, ರಾಮದುರ್ಗದಲ್ಲಿ ನೇಕಾರರ ಮಗ್ಗದ ಕುಣಿಗಳು ತುಂಬಿದವು, ಹಿಂದಿನ ದಿನ ತಳ್ಳುಗಾಡಿ ಓಡಾಡಿದ ಓಣಿಯಲ್ಲಿ ರಬ್ಬರ್ ದೋಣಿ ಓಡಾಡಿತು. ಜೀವಮಾನದಲ್ಲಿ ದೋಣಿ ಹತ್ತದ ಮಂದಿ ಅಂದು ಮೊದಲ ಸಲ ಹತ್ತಿದರು. ಎಲ್ಲರೂ ಒಂದೇ ಮಗ್ಗುಲಿಗೆ ಬಂದು ನಿಂತರು. ಪೆಟ್ಟಿಗೆ, ಗಂಟು, ಮೇಕೆಮರಿ ಎಲ್ಲ ಬೇಕೆಂದರು. ಕೂರಿ ಎಂದರೆ ಎದ್ದರು. ಅವರದೇನು ತಪ್ಪು? ದೋಣಿಯಲ್ಲಿ ನಡುವಿಗೆ ಕೂರಬೇಕು, ನಿಂತರೆ ಭಾರದ ಕೇಂದ್ರ ಮೇಲೇರಿ ದೋಣಿ ತೊನೆಯುತ್ತದೆ, ಎಲ್ಲರೂ ಒಂದು ಕಡೆ ವಾಲಿದರೆ ಅದು ಮಗುಚುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದೋಣಿಯ ಪಾಠ ಬರೀ ಮೋಜುಗಾರರಿಗೆ ಎಂದು ತಿಳಿದವರು ಆ ವಾರದ ಫೋಟೋಗಳನ್ನು ತೆಗೆದು ನೋಡಬೇಕು.

ಶಾಲೆಯಲ್ಲಿ ಹೇಳುತ್ತಾರಲ್ಲ ಎಂದಿರಾ? ಹೇಳುತ್ತಾರೆ. ಆರ್ಕಿಮಿಡೀಸನ ತತ್ವವನ್ನು ಚಿತ್ರಸಹಿತ ವಿವರಿಸಿದರೆ ಪೂರ್ತಿ ಅಂಕ ಸಿಗುತ್ತದೆ. ವಸ್ತುವಿನ ಮೇಲೆ ನೀರು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆಂದು ನ್ಯೂಟನ್ ಲೆಕ್ಕದಲ್ಲಿ ಹೇಳಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ, ಅವರನ್ನು ಹೊಂಡಕ್ಕೆ ಬಿಟ್ಟರೆ ಮುಳುಗುತ್ತಾರೆ. ನಮ್ಮ ಅಜ್ಜಂದಿರಿಗೆ ತತ್ವ ಗೊತ್ತಿರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಖಾಲಿ ಎಣ್ಣೆಡಬ್ಬಿಯನ್ನೋ ಕಟ್ಟಿ ಹುಡುಗರನ್ನು ಬಾವಿಗೆ ನೂಕುತ್ತಿದ್ದರು. ಆ ಡಬ್ಬಿಗೆ ಐಎಸ್‌ಐ ಗುರುತಿರಲಿಲ್ಲ, ಆದರೂ ಕೆಲಸ ಮಾಡುತ್ತಿತ್ತು. ಆ ವಿದ್ಯೆಯೂ ಗಂಡುಹುಡುಗರಿಗಷ್ಟೇ. ಜಾತ್ರೆಯ ದೋಣಿ ಹತ್ತುವವರಲ್ಲಿ ಅರ್ಧ ಹೆಂಗಸರು, ಮೈಮೇಲೆ ಎಂಟು ಗಜದ ಸೀರೆ, ಬಗಲಲ್ಲಿ ಕೂಸು. ಅವರಿಗೆ ಬಾವಿ ತೋರಿಸಿದ್ದು ನೀರು ಸೇದಲು ಮಾತ್ರ.

ಈಗ ಬಾವಿಗಳು ಬತ್ತಿವೆ, ಬದಲಿಗೆ ಬೋರ್ಡುಗಳು ಬಂದಿವೆ. 'ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ. ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು.' ಮುಳುಗಿದವರ ಮೇಲೆ ಯಾವ ಕ್ರಮ ಎಂದು ಬೋರ್ಡು ಹೇಳುವುದಿಲ್ಲ. ಬೋರ್ಡಿನ ನಿಜವಾದ ಉಪಯೋಗ ಬೇರೆ. ಅದಕ್ಕೆ ಒರಗಿ ನಿಂತು ತೆಗೆದರೆ ಹಿನ್ನೀರು ಪೂರ್ತಿ ಸೆಲ್ಫಿಯೊಳಗೆ ಬರುತ್ತದೆ.

ಲೈಫ್ ಜಾಕೆಟ್ಟೂ ಈ ನಾಡಿನಲ್ಲಿ ಫೋಟೋದ ಸಾಮಾನೇ. ದೋಣಿವಿಹಾರ ಇರುವ ಕಡೆಗಳಲ್ಲಿ ಅದನ್ನು ಸೀಟಿನ ಕೆಳಗೆ ತುರುಕಿರುತ್ತಾರೆ, ಇಲ್ಲವೇ ಟಿಕೆಟ್ ಕೌಂಟರಿನ ಮೊಳೆಗೆ ತೂಗುಹಾಕಿರುತ್ತಾರೆ. ಹಾಕಿಕೊಂಡರೆ ಹಿಂದಿನ ನೂರು ಜನರ ಬೆವರು ಮೂಗಿಗೆ ಬಡಿಯುತ್ತದೆ, ಮೂರು ಬಕಲುಗಳಲ್ಲಿ ಒಂದು ಮುರಿದಿರುತ್ತದೆ. ಅಳತೆ ಒಂದೇ, ದೊಡ್ಡವರದು. ಐದು ವರ್ಷದ ಮಗುವಿಗೆ ಅದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಕೆಳಗಿನಿಂದ ಜಾರುತ್ತದೆ. ಕಾಲಸಂದಿಯಲ್ಲಿ ಹಾಯುವ ಪಟ್ಟಿ ಇರುವುದೇ ಅದಕ್ಕೆಂದು ಎಷ್ಟು ಜನ ಟಿಕೆಟ್ ಕೊಡುವವರಿಗೆ ಗೊತ್ತು? ಇದನ್ನು ಕಲಿಸಲು ಒಂದು ಗಂಟೆ ಸಾಕು. ಆ ಒಂದು ಗಂಟೆಯಲ್ಲಿ ನಾಲ್ಕು ಟ್ರಿಪ್ಪು ಹೊಡೆಯಬಹುದಲ್ಲ ಎಂಬುದು ಗುತ್ತಿಗೆದಾರನ ಸಂಕಟ.

ಮಲಪ್ರಭೆಯಲ್ಲಿ ಜಲಕ್ರೀಡೆಯ ಇತಿಹಾಸ ತೆಗೆದರೆ ಅದು ರೇಣುಕೆಯ ಕಥೆಯವರೆಗೂ ಹೋಗುತ್ತದೆ. ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ ನೀರು ತರುತ್ತಿದ್ದ ತಾಯಿ ಒಂದು ದಿನ ಹೊಳೆಯಲ್ಲಿ ಆಟವಾಡುತ್ತಿದ್ದ ಗಂಧರ್ವನನ್ನು ಕಂಡಳು, ಮನಸ್ಸು ಚಂಚಲವಾಯಿತು, ಕೊಡ ಒಡೆಯಿತು. ಶಿಕ್ಷೆ ಯಾರಿಗಾಯಿತು? ನೋಡಿದವಳಿಗೆ. ಪರವಾನಗಿ ಇಲ್ಲದೆ ಜಲಕ್ರೀಡೆ ಆಡಿದ ಗಂಧರ್ವನ ಮೇಲೆ ಪ್ರಕರಣ ದಾಖಲಾದ ಉಲ್ಲೇಖವಿಲ್ಲ. ಅಂದಿನಿಂದ ಇಂದಿನವರೆಗೆ ಈ ಸಂಪ್ರದಾಯ ನಡೆದುಕೊಂಡು ಬಂದಿದೆ.

2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಬಳಿಯ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ಹೋದವರ ತೆಪ್ಪ ಮಗುಚಿ 12 ಮಂದಿ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. ಅಲ್ಲಿ ಮೀನಿನ ದೋಣಿಗೆ ಬಣ್ಣ ಬಳಿದು ವಿಹಾರದ ದೋಣಿ ಮಾಡಿದ್ದರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದು ಸಮುದ್ರವಲ್ಲ, ಊರ ನಡುವಿನ ಕೆರೆ. ಊರು ಬೇರೆಯಾದರೂ ವರದಿಗಳ ಸಾಲು ಬದಲಾಗುವುದಿಲ್ಲ: ಮಿತಿಗಿಂತ ಹೆಚ್ಚು ಜನ, ಮೈಮೇಲಿರದ ಜಾಕೆಟ್. ಆಮೇಲಿನ ಕ್ರಮವೂ ಬದಲಾಗುವುದಿಲ್ಲ. ದೋಣಿ ನಡೆಸಿದವನ ಬಂಧನ, ಎಲ್ಲ ದೋಣಿಗಳಿಗೂ ನಿಷೇಧ, ತನಿಖೆಗೆ ಆದೇಶ, ಮುಂದಿನ ಸುಗ್ಗಿಗೆ ನಿಷೇಧ ತೆರವು.

ನಮಗೆ ಹತ್ತಿರದ್ದು ಕೂರ್ಮಗಡದ ದುರಂತ. ಕಾರವಾರದ ಎದುರಿನ ಆ ನಡುಗಡ್ಡೆಯಲ್ಲಿ ಬನದ ಹುಣ್ಣಿಮೆಗೆ ನರಸಿಂಹನ ಜಾತ್ರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿತು, 16 ಜನ ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಹಾವೇರಿ ಜಿಲ್ಲೆಯವರು, ನಮ್ಮ ಹಾಗೆ ಸಮುದ್ರ ಕಾಣದ ಬಯಲಿನ ಜನ. ದೋಣಿಗೆ ಜನ ಹೆಚ್ಚಾಗಿತ್ತು. ಜಲಸಾರಿಗೆ ಇಲಾಖೆಯ ಬೈತಖೋಲ ಅದೇ ಕಾರವಾರದಲ್ಲಿದೆ. ಅಂದು ಬೆಳಿಗ್ಗೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾಗಿದ್ದರು, ನಾಡಿನ ಕಣ್ಣೆಲ್ಲ ತುಮಕೂರಿನ ಕಡೆಗಿತ್ತು. ಆ ತಾರೀಖಿಗೆ ಇನ್ನೊಂದು ಗುರುತೂ ಇದೆ. ಜನವರಿ 21 ಸರಕಾರ ಅಂಬಿಗರ ಚೌಡಯ್ಯನ ಜಯಂತಿ ಆಚರಿಸುವ ದಿನ. ತಾಲ್ಲೂಕು ತಾಲ್ಲೂಕಿನ ಕಚೇರಿಗಳಲ್ಲಿ ಹುಟ್ಟು ಹಿಡಿದ ಶರಣನ ಫೋಟೋಕ್ಕೆ ಹಾರ ಬೀಳುವ ದಿನ.

ಹನ್ನೆರಡನೆಯ ಶತಮಾನದ ಅಂಬಿಗನಿಗೆ ಹಾರ ಹಾಕಿದ ಕೈಯೇ ಇಪ್ಪತ್ತೊಂದನೆಯ ಶತಮಾನದ ಅಂಬಿಗನನ್ನು ಟೆಂಡರಿನಿಂದ ಹೊರಗಿಡುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಸಂಗತಿ. ಮಲಪ್ರಭೆಗೆ ಸೇತುವೆಗಳು ಬರುವ ಮೊದಲು ಈ ಹೊಳೆದಂಡೆಯ ತಾಲ್ಲೂಕುಗಳ ಮದುವೆ, ಸಂತೆ, ಹೆರಿಗೆ, ಸಾವು ಎಲ್ಲವನ್ನೂ ಹೊಳೆ ದಾಟಿಸಿದವರು ಆ ಜನ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೊಳೆಯ ನಡುವೆ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದಿಂದ ಉಳವಿಗೆ ಹೊರಟ ಶರಣರು ಇದೇ ದಾರಿಯಲ್ಲಿ ಹಾದುಹೋದರೆಂದು ಈ ಭಾಗದ ನಂಬಿಕೆ. ಹಾದುಹೋದರೆಂದರೆ ಯಾರೋ ದಾಟಿಸಿರಬೇಕಲ್ಲ? ನೀರಿನ ಬಣ್ಣ ನೋಡಿ ಮೇಲೆ ಮಳೆಯಾಗಿದೆ ಎನ್ನುತ್ತಾರೆ ಈ ಅಂಬಿಗರು. ಏಪ್ರಿಲ್‌ನ ಸಂಜೆ ಪಡುವಣಕ್ಕೆ ಮೋಡ ಕಟ್ಟಿದರೆ, ಹಿನ್ನೀರಿನಲ್ಲಿ ಗಾಳಿ ಎದ್ದೀತೆಂದು ಹರಗೋಲನ್ನು ದಂಡೆಗೆ ಎಳೆದು ಮಗುಚಿಹಾಕುತ್ತಾರೆ. ಎಂಟು ಜನರ ಹರಗೋಲಿಗೆ ಒಂಬತ್ತನೆಯವನು ಕಾಲಿಟ್ಟರೆ ಅಂಚಿಗೂ ನೀರಿಗೂ ಎಷ್ಟು ಬೆರಳು ಉಳಿಯಿತೆಂದು ನೋಡಿ ಇಳಿಸುತ್ತಾರೆ. ಈ ವಿದ್ಯೆಗೆ ಸರ್ಟಿಫಿಕೇಟಿಲ್ಲ. ಟೆಂಡರಿಗೆ ಬೇಕಾದದ್ದು ಮೂರು ವರ್ಷದ ವಹಿವಾಟಿನ ಲೆಕ್ಕ, ಜಿಎಸ್‌ಟಿ ನಂಬರು, ಬ್ಯಾಂಕ್ ಗ್ಯಾರಂಟಿ. ಮೂರನ್ನೂ ತರಬಲ್ಲವನು ಬೆಳಗಾವಿಯ ಲಾಡ್ಜಿನಲ್ಲಿದ್ದಾನೆ, ಹೊಳೆಯನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದಾನೆ. ಗೆದ್ದ ಮೇಲೆ ಅವನೇ ಅಂಬಿಗರ ಹುಡುಗನನ್ನು ದಿನಗೂಲಿಗೆ ಇಟ್ಟುಕೊಳ್ಳುತ್ತಾನೆ. ದುರಂತವಾದರೆ ಮೊದಲು ಜೈಲಿಗೆ ಹೋಗುವ ಹೆಸರು ಆ ಹುಡುಗನದು. ಗಂಧರ್ವನ ಕಥೆ ಹೇಳಿದ್ದು ಸುಮ್ಮನೆ ಅಲ್ಲ.

ಲೈಸೆನ್ಸ್ ಬೇಡವೆನ್ನುವವನು ನಾನಲ್ಲ, ಮೊದಲೇ ಕೈ ಎತ್ತಿದ್ದೇನೆ. ಆದರೆ ಪರೀಕ್ಷೆಯನ್ನು ದಂಡೆಯ ಕುರ್ಚಿಯಿಂದ ಮಾಡಬೇಡಿ. ಸಾಹೇಬರೇ ದೋಣಿಯಲ್ಲಿ ಕೂರಲಿ, ನಡುನೀರಿನಲ್ಲಿ ಎಂಜಿನ್ ಆರಿಸಲಿ, ಆಗ ಅಭ್ಯರ್ಥಿ ಏನು ಮಾಡುತ್ತಾನೆ ನೋಡಲಿ. ಪರೀಕ್ಷಕರಾಗಿ ಮುನವಳ್ಳಿಯ ಇಬ್ಬರು ಹಳೆಯ ಅಂಬಿಗರನ್ನು ಇಟ್ಟುಕೊಂಡರೆ ಬ್ಯಾಂಕ್ ಗ್ಯಾರಂಟಿ ಕೇಳದೆ ಗೌರವಧನ ಕೊಡಿ. ಮಂದಿ ಎಷ್ಟೆಂಬುದನ್ನು ದೋಣಿಯ ಹೊರಮೈಗೆ ಅಂಗೈಯಗಲದ ಅಕ್ಷರದಲ್ಲಿ, ಕನ್ನಡದಲ್ಲಿ, ದಂಡೆಯ ಮೇಲಿದ್ದವರಿಗೂ ಕಾಣುವಂತೆ ಬರೆಸಿ. ಇಷ್ಟಾದರೆ ಫೀ ಕೊಡಲು ಕಿತ್ತೂರಿನವರನ್ನು ನಾನೇ ಒಪ್ಪಿಸುತ್ತೇನೆ.

ಈ ಚರ್ಚೆ ಬರೀ ಕನಸಿನದಲ್ಲ. ಎಲ್ಲಮ್ಮನಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರಕಾರ ನೂರು ಕೋಟಿ ಕೊಡಲು ಒಪ್ಪಿದೆ. ಗುಡ್ಡಕ್ಕೆ ಬಂದ ಲಕ್ಷಾಂತರ ಜನ ನವಿಲುತೀರ್ಥದ ನೀರನ್ನು ಬರೀ ನೋಡಿ ಹೋಗುತ್ತಾರೆಂದು ಯಾವ ಪ್ರವಾಸೋದ್ಯಮಿಯೂ ನಂಬುವುದಿಲ್ಲ. ಇವತ್ತಲ್ಲ ನಾಳೆ ದೋಣಿ ಇಳಿದೇ ಇಳಿಯುತ್ತದೆ.

ಇಳಿಯುವ ದಿನ ಏನಾಗುತ್ತದೆಂದು ಈಗಲೇ ಹೇಳಬಲ್ಲೆ. ಶಾಮಿಯಾನ ಹಾಕಿರುತ್ತಾರೆ. 'ಜಲಸುರಕ್ಷತಾ ಜಾಗೃತಿ ಹಾಗೂ ದೋಣಿವಿಹಾರ ಉದ್ಘಾಟನೆ' ಎಂದು ಬ್ಯಾನರು, ಅದರಲ್ಲಿ ಹದಿನಾರು ಮುಖಗಳು. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ ದೋಣಿ ಹತ್ತುತ್ತಾರೆ. ಅವರ ಹಿಂದೆ ಮಾಜಿಗಳು, ಅವರ ಹಿಂದೆ ಆಕಾಂಕ್ಷಿಗಳು, ಟಿಕೆಟ್ ಯಾರಿಗೆ ಸಿಗುತ್ತದೋ ಎಂಬ ಅನುಮಾನದಿಂದ ಯಾರೂ ಇಳಿಯಲು ಒಪ್ಪದವರು. ಜಾಕೆಟ್ ಕೊಟ್ಟರೆ "ಹಾರ ಮುಚ್ಚತೈತಿ ತಗೀರಿ" ಎನ್ನುತ್ತಾರೆ. ಫೋಟೋದವನು ಎಲ್ಲರನ್ನೂ ಒಂದೇ ಮಗ್ಗುಲಿಗೆ ಕರೆಯುತ್ತಾನೆ. ಹುಟ್ಟು ಹಿಡಿದು ನಿಂತ ಮುದುಕ ಎಣಿಸುತ್ತಾನೆ, ಮತ್ತೆ ಎಣಿಸುತ್ತಾನೆ, ಕೈ ಮುಗಿದು ಹೇಳುತ್ತಾನೆ: "ಸಾಹೇಬ್ರ, ಎಂಟ ಮಂದಿ ಅಷ್ಟ್ರೀ. ಉಳದವ್ರು ಇಳೀರಿ."

ಆಗ ಹಿಂದಿನ ಸಾಲಿನಿಂದ ಒಬ್ಬ ಕೇಳುತ್ತಾನೆ: "ಏ ಮುದುಕಾ, ನಿಂದು ಲೈಸೆನ್ಸ್ ಎಲ್ಲೈತಿ? ತೋರ್ಸು ಮೊದ್ಲ."